ಒಡೆಯದ ಡಬ್ಬಿ

ಉಪ್ಪಿಗಾಗಿ, ಮೆಣಸಿಗಾಗಿ ರಾಜ್ಯಗಳು ಏಳುಬೀಳು ಕಂಡದ್ದನ್ನು ಚರಿತ್ರೆಕಾರರು ಬರೆದಿಟ್ಟಿದ್ದಾರೆ. ಅಮೆರಿಕದ ಮೊಂಟಾನಾದ ಕಾಟನ್‌ವುಡ್ ಬೆಂಡ್ ಎಂಬ ಊರಿನಲ್ಲಿ, ಹೊಗೆಯಲ್ಲಿ ಹದಗೊಂಡ ಒಂದು ಹಂದಿತೊಡೆಯ ಭವಿಷ್ಯ ಬೇಳೆಕಾಳಿನಷ್ಟು ದೊಡ್ಡ ಹಿತ್ತಾಳೆ ಬಟ್ಟಲಿನ ಮೇಲೆ ನಿಂತದ್ದನ್ನು ಮಾತ್ರ ಯಾರೂ ಬರೆದಿಲ್ಲ. ಆ ಲೋಪವನ್ನು ಇಲ್ಲಿ ಸರಿಪಡಿಸಲಾಗಿದೆ.

ಬಟ್ಟಲಿನ ಹೆಸರು ಪ್ರೈಮರ್. ತೋಟಾದ ಬುಡದಲ್ಲಿ ಕೂತು ಮದ್ದಿಗೆ ಕಿಡಿ ಕೊಡುವುದು ಅದರ ಕಸುಬು. ಹಾರ್ಲನ್ ಟೈಗನ ನೆಲಮಾಳಿಗೆಯಲ್ಲಿ ಮಿಕ್ಕಿದ್ದೆಲ್ಲ ಇತ್ತು: ಹೊಡೆದ ಮೇಲೆ ಹೆಕ್ಕಿ ತಂದು ಹೊಳಪೇರಿಸಿದ ಖಾಲಿ ಕೊಳವೆಗಳು, ಮದ್ದು, ಗುಂಡು, ಎಲ್ಲವನ್ನೂ ಕೂಡಿಸಿ ಹೊಸ ತೋಟಾ ಮಾಡುವ ಕೈಯಂತ್ರ. ಅಂಗಡಿಯ ತೋಟಾ ಹೊಡೆಯುವವರನ್ನು ಅವನು, ಹೋಟೆಲಿನಿಂದ ಸಾರು ತರಿಸುವ ಮನೆಯವರನ್ನು ನೋಡುವ ಹಾಗೆ ನೋಡುತ್ತಿದ್ದ. ಆದರೆ ಪ್ರೈಮರ್ ಸುತ್ತಮುತ್ತಲ ಯಾವ ಊರಲ್ಲೂ ಸಿಗುತ್ತಿರಲಿಲ್ಲ. ಸಿಕ್ಕಲ್ಲಿ ಬೆಲೆ ಕೇಳಿದವರು, ಹೆಣ ಹೋಗುವುದನ್ನು ಕಂಡವರಂತೆ, ಟೋಪಿ ತೆಗೆದು ಎದೆಗೆ ಹಿಡಿಯುತ್ತಿದ್ದರು.

ಶನಿವಾರ ಬಂದೂಕು ಕ್ಲಬ್ಬಿನ ಪಂದ್ಯ. ಹಂದಿತೊಡೆ ಅದರ ಬಹುಮಾನ. ಹೋದ ವರ್ಷ ಅದನ್ನು ಗೆದ್ದ ಪಕ್ಕದ ಮನೆಯ ಆರಿನ್ ಬ್ರೆಕ್ಕೆ, ಕ್ರಿಸ್‌ಮಸ್ ತನಕ ದಿನವೂ ಬೇಲಿಗೆ ಒರಗಿ, ಹಾರ್ಲನ್‌ಗೆ ಕಾಣುವ ಹಾಗೆ ಅದರ ಸ್ಯಾಂಡ್‌ವಿಚ್ ತಿಂದಿದ್ದ. ಇನ್ನೊಂದು ಚಳಿಗಾಲ ಅದನ್ನು ನೋಡುವುದು ಹಾರ್ಲನ್‌ನಿಂದ ಆಗದ ಮಾತು.

"ಕಪಾಟಲ್ಲಿ ಒಡೆಯದ ಪ್ರೈಮರ್ ಡಬ್ಬಿ ಒಂದು ಇದೆಯಲ್ಲ," ಎಂದಳು ಹೆಂಡತಿ ಜೋಲೀನ್.

"ಅದು ಹಳೇ ಬೆಲೆಗೆ ತಂದಿದ್ದು ಕಣೆ. ಈಗ ಎಷ್ಟಾಗಿದೆ ಗೊತ್ತಾ? ಅಂಥದ್ದನ್ನ ಯಾರಾದ್ರೂ ಹೊಡೆದು ಹಾಳು ಮಾಡ್ತಾರಾ?"

"ಹಾವು ನಿಧಿ ಕಾಯುತ್ತಂತೆ. ನಮ್ಮನೇಲಿ ಅದಕ್ಕೆ ಎರಡು ಹೊತ್ತು ಕಾಫಿ ಬೇರೆ ಮಾಡ್ಕೊಡಬೇಕು."

ಗುರುವಾರ ಬಂದೂಕಿನ ಅಂಗಡಿಗೆ ಪ್ರೈಮರ್ ಬಂತು. ತಲೆಗೆ ಒಂದೇ ಡಬ್ಬಿ, ತನ್ನ ದುಡ್ಡು ತಾನೇ ಕೊಟ್ಟರಷ್ಟೇ ತಲೆ ಲೆಕ್ಕಕ್ಕೆ ಎಂದು ಬಾಗಿಲಿಗೆ ಬರೆದಿತ್ತು. ಹಾಗಾಗಿ ಊರ ಗಂಡಸರೆಲ್ಲ ಇನ್ನೊಂದು ತಲೆ ಹುಡುಕಿಕೊಂಡು ಬಂದಿದ್ದರು. ಹಾರ್ಲನ್ ತನ್ನ ಅತ್ತೆ ಆರ್ವಿಲ್ಲಾಳನ್ನು ಕರೆತಂದಿದ್ದ. ಸಾಲಿನಲ್ಲಿ ಅವರ ಮುಂದೆ ಆರಿನ್, ಅವನ ಜೊತೆಗೆ ಚರ್ಚಿನ ಪಾದ್ರಿ.

"ಪಾದ್ರಿಗಳ ಹತ್ರ ಬಂದೂಕೇ ಇಲ್ವಲ್ಲೋ," ಎಂದ ಹಾರ್ಲನ್.

"ನಂಬಿಕೆ ಇದೆ," ಎಂದ ಆರಿನ್.

ಪಾದ್ರಿ ಅಂಗಡಿಯ ಸೂರು ನೋಡುತ್ತ ನಿಂತರು.

ಹಾರ್ಲನ್ ತನ್ನ ಪಾಲಿನ ಡಬ್ಬಿ ಕೊಂಡ. ಆರ್ವಿಲ್ಲಾ ತನ್ನ ಪರ್ಸಿನಿಂದಲೇ ದುಡ್ಡು ತೆತ್ತು, ಹೊರಬಂದು, ಡಬ್ಬಿಯನ್ನು ಕನ್ನಡಕದ ಹತ್ತಿರ ಹಿಡಿದಳು.

"ಲೈಲ್ ಬಂದೂಕಿಗೂ ಇದೇ ಅಳತೆ ಅಲ್ವಾ?" ಲೈಲ್ ಎಂದರೆ ತೀರಿಕೊಂಡ ಮಾವ.

"ಅದೆಲ್ಲ ನಿಮಗ್ಯಾಕೆ ಅತ್ತೆ? ಕೊಡಿ, ನಿಮ್ಮ ದುಡ್ಡು ಕೊಟ್ಬಿಡ್ತೀನಿ."

"ಸಾಲಲ್ಲಿ ನಿಂತ ಮಂಡಿ ನಂದು, ಅಳಿಯಂದ್ರೇ. ಅದಕ್ಕೇನು ಕೊಡ್ತೀರಿ?" ಎಂದು ಡಬ್ಬಿಯನ್ನು ಕೈಚೀಲಕ್ಕೆ ಹಾಕಿ ಟಪ್ಪನೆ ಮುಚ್ಚಿದಳು.

ಮಾರನೇ ದಿನ ಅವಳು ಒಂದು ಕೈಲಿ ಬೇಯಿಸಿದ ಆಲೂಗಡ್ಡೆಯ ತಟ್ಟೆ, ಇನ್ನೊಂದು ಕೈಲಿ ಖಾಲಿ ಕೊಳವೆಗಳ ಚೀಲ ಹಿಡಿದು ಹಾರ್ಲನ್‌ನ ನೆಲಮಾಳಿಗೆಗೆ ಇಳಿದಳು. ಯಂತ್ರದ ಮುಂದೆ ಕೂತು, ಬೆಣ್ಣೆ ಹಚ್ಚುವ ಚಾಕುವಿನಿಂದ ಡಬ್ಬಿಯ ಮುಚ್ಚಳ ಸೀಳಿದಳು. ಹಾರ್ಲನ್ ಮುಖ ತಿರುಗಿಸಿದ.

"ಇಷ್ಟು ಬೇಗ ಒಡೀತಾರಾ ಅತ್ತೆ?"

"ನಂಗೆ ಎಂಬತ್ತು ದಾಟಿದೆ ಕಣಪ್ಪ. ಇನ್ಯಾವಾಗ ಒಡೀಲಿ?"

ಸಂಜೆಯವರೆಗೆ ಅವಳು ಹಪ್ಪಳ ಒತ್ತುವವರ ಹಾಗೆ ಒಂದೇ ಸಮನೆ ತೋಟಾ ಒತ್ತಿದಳು. ಅವಳು ಹೋದ ಮೇಲೆ ಹಾರ್ಲನ್ ತನ್ನ ಎರಡು ಡಬ್ಬಿಗಳನ್ನು ಮೇಜಿನ ಮೇಲಿಟ್ಟು ಕೂತ. ಹಳೆಯದನ್ನು ಒಡೆಯೋಣವೆಂದರೆ ಅಷ್ಟು ಅಗ್ಗದ್ದು ಈ ಜನ್ಮದಲ್ಲಿ ಮತ್ತೆ ಸಿಗದು. ಹೊಸದನ್ನು ಒಡೆಯೋಣವೆಂದರೆ ಅಷ್ಟು ತೆತ್ತು ತಂದದ್ದನ್ನು ಢಂ ಎನಿಸಲು ಜೀವ ಒಪ್ಪದು. ಎರಡು ಬಾರಿ ಚಾಕು ಕೈಗೆತ್ತಿಕೊಂಡ. ಎರಡನೆಯ ಬಾರಿ ಅದರಿಂದ ಸೇಬು ಹೆಚ್ಚಿಕೊಂಡು ತಿಂದ.

ಶನಿವಾರದ ಪಂದ್ಯದಲ್ಲಿ ತಲಾ ಹತ್ತು ಗುಂಡು. ಹಾರ್ಲನ್ ಬಳಿ ಹೋದ ವರ್ಷ ಉಳಿದ ತೋಟಾ ಎರಡಿತ್ತು. ಎರಡನ್ನೂ ಗುರಿಯ ನಟ್ಟನಡುವೆ ಹೊಡೆದು, ಬಂದೂಕು ಕೆಳಗಿಟ್ಟು, ಕೈಕಟ್ಟಿ ನಿಂತ.

"ಬಂದೂಕು ಕೆಟ್ಟಿತಾ?" ಎಂದ ಪಕ್ಕದಲ್ಲಿದ್ದ ಆರಿನ್.

"ಇಲ್ಲ."

"ಕಣ್ಣು?"

"ಇಲ್ಲ ಕಣೋ. ಬೆಲೆ ಇನ್ನೂ ಏರೋ ಹಾಗಿದೆ."

ಆರಿನ್ ನಗಲಿಲ್ಲ. ಸಾವಿನ ಮನೆಯಲ್ಲಿ ಮಾಡುವಂತೆ ಅವನ ಭುಜ ಒತ್ತಿದ. ಅವನೂ ಐದನೆಯ ಗುಂಡಿಗೇ ನಿಲ್ಲಿಸಿದ್ದ. ಪಾದ್ರಿಯ ಡಬ್ಬಿಯೂ ಸೇರಿ ಅವನ ಬಳಿಯೂ ಎರಡಿದ್ದವು, ಒಂದನ್ನೂ ಒಡೆದಿರಲಿಲ್ಲ.

ಹತ್ತೂ ಗುಂಡು ಹೊಡೆದವಳು, ಲೈಲ್ ಬಂದೂಕು ಹಿಡಿದು ಬಂದ ಆರ್ವಿಲ್ಲಾ ಒಬ್ಬಳೇ. ಅದರಲ್ಲಿ ಮೂರು ಗುರಿಹಲಗೆಯ ಆಚೆ ದಿಬ್ಬಕ್ಕೆ ಹೋದವು.

ಹಂದಿತೊಡೆ ಅವಳಿಗೆ ಹೋಯಿತು.