ಚಿಕ್ಕಮ್ಮನ ಧಾಟಿಯಲ್ಲಿ ಓದಿದ ವಾಕ್ಯ

ಮಕ್ಕಳಿಗೆ ಓದು, ಬರಹ ಎಷ್ಟು ಇಷ್ಟವೆಂದು ವರ್ಷ ವರ್ಷವೂ ಅಳೆಯುವ ಆ ಸಮೀಕ್ಷೆಗೆ ಕಟ್ಟುನಿಟ್ಟಾದ ನಿಯಮವೊಂದಿತ್ತು: ವಾಕ್ಯಗಳನ್ನು ಓದುವವರ ದನಿ ಯಾವ ಕಡೆಗೂ ವಾಲಬಾರದು. ಸಮೀಕ್ಷಕಿ ಓದಬೇಕು, ಮಕ್ಕಳು ಹಾಳೆಯಲ್ಲಿರುವ ನಗುಮುಖ, ಸುಮ್ಮನಿರುವ ಮುಖ, ಅಳುಮುಖಗಳಲ್ಲಿ ಒಂದಕ್ಕೆ ಬಣ್ಣ ತುಂಬಬೇಕು. ತರಗತಿಯ ಶಿಕ್ಷಕಿ ಹೊರಗಿರಬೇಕು.

ಈ ತರಗತಿಯ ಶಿಕ್ಷಕಿ ಸಮೀಕ್ಷಕಿಯ ಸ್ವಂತ ಚಿಕ್ಕಮ್ಮ. ಸಹೋದ್ಯೋಗಿಯ ಪಾಲಿಗೆ ಬಂದಿದ್ದ ಶಾಲೆಯನ್ನು ಅವಳು ಕೇಳಿ ಪಡೆದಿದ್ದಳು.

“ಬಾರೇ, ನಮ್ಮನೆ ಹುಡುಗೀನೇ ಬಂದ್ಲಲ್ಲ!” ಚಿಕ್ಕಮ್ಮ ಮೆಟ್ಟಿಲಲ್ಲೇ ಕೈ ಹಿಡಿದುಕೊಂಡರು. “ಮುಂದಿನ ಹೆಡ್‌ಮಿಸ್ ಯಾರು ಅಂತ ಈ ಸಲದ ಫಲಿತಾಂಶ ನೋಡೇ ತೀರ್ಮಾನ ಮಾಡ್ತಾರಂತೆ. ಸ್ವಲ್ಪ ನೋಡ್ಕೊಳ್ಳೇ.”

“ನೋಡ್ಕೊಳ್ಳೋಕೇ ಬಂದಿದೀನಿ, ಚಿಕ್ಕಮ್ಮ.”

“ಅದ್ಯಾಕೆ ಮುಖ ಗಂಟು ಹಾಕ್ಕೊಂಡಿದೀಯ? ಇನ್ನೂ ಆ ಕತೆ ವಿಷಯಾನೇ ಹಿಡ್ಕೊಂಡಿದೀಯಾ? ಅಯ್ಯೋ, ತಮಾಷೆ ಕಣೇ ಅದು!”

ಆ ತಮಾಷೆ ನಡೆದಾಗ ಅವಳಿಗೆ ಒಂಬತ್ತು ವರ್ಷ. ಶಾಲೆಯ ಗಂಟೆಗೆ ನೆಗಡಿಯಾದ ಕತೆಯೊಂದನ್ನು ಬರೆದಿದ್ದಳು. ಆಗ ಅವಳಿಗೂ ಶಿಕ್ಷಕಿಯಾಗಿದ್ದ ಚಿಕ್ಕಮ್ಮ ಅದನ್ನು ತರಗತಿಯಲ್ಲಿ ಮೂಗಿನಿಂದ ಎಳೆದೆಳೆದು, ಹುಬ್ಬು ಕುಣಿಸಿ ಓದಿದ್ದರು. ಎಲ್ಲರೂ ಬಿದ್ದು ಬಿದ್ದು ನಕ್ಕಿದ್ದರು. ಶಾಲೆ ಬಿಡುವವರೆಗೂ ಅವಳ ಹೆಸರು ‘ನೆಗಡಿ ಗಂಟೆ’. ಅಂದಿನಿಂದ ಅವಳು ತನ್ನದೆಂಬ ಒಂದು ಸಾಲನ್ನೂ ಬರೆಯಲಿಲ್ಲ; ಯಾರೂ ನಗಲಾರದ ಕೋಷ್ಟಕಗಳಲ್ಲಿ, ನಕ್ಷೆಗಳಲ್ಲಿ ಅಡಗಿಕೊಂಡಳು. ಕೆಂಡದ ಮೇಲೆ ಬೂದಿ ಮುಚ್ಚಿತ್ತು, ಕೆಂಡ ಆರಿರಲಿಲ್ಲ.

“ನನಗೆ ಕತೆ ಕೇಳುವುದು ಇಷ್ಟ.” ಮೊದಲ ವಾಕ್ಯವನ್ನು ಅವಳು ನಿಯಮದಂತೆಯೇ ಓದಿದಳು. ಪೆನ್ಸಿಲ್ಲುಗಳು ಸರಸರನೆ ಓಡಿದವು. ಕಿಟಕಿಯಾಚೆ ಚಿಕ್ಕಮ್ಮನ ಹೆಗಲು ಕಾಣುತ್ತಿತ್ತು.

ಎರಡನೆಯದು: “ನಾನು ಬರೆದದ್ದನ್ನು ತರಗತಿಯಲ್ಲಿ ಓದಿದರೆ ನನಗೆ ಖುಷಿಯಾಗುತ್ತದೆ.” ಇದನ್ನು ಮೂಗಿನಿಂದ ಎಳೆದಳು. ಹುಬ್ಬು ಕುಣಿಸಿದಳು. ಕೊನೆಗೆ ನಾಲಿಗೆಯಿಂದ ‘ತ್ಚು’ ಎಂದಳು.

ತರಗತಿ ಗೊಳ್ಳೆಂದಿತು. “ಥೇಟ್ ನಮ್ಮ ಮಿಸ್ಸು!” ಎಂದು ಯಾರೋ ಕೂಗಿದರು. ಪೆನ್ಸಿಲ್ಲುಗಳು ಅಳುಮುಖಗಳ ಮೇಲೆ ಮುಗಿಬಿದ್ದವು. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಮಾತ್ರ ನಗದೆ, ಅಂಗೈಯಿಂದ ಹಾಳೆ ಮುಚ್ಚಿಕೊಂಡಳು.

ಬಾಗಿಲು ದಢಾರನೆ ತೆರೆಯಿತು.

“ಇದು ಮೋಸ!” ಚಿಕ್ಕಮ್ಮ ಒಳನುಗ್ಗಿದರು. “ಆ ಧಾಟೀಲಿ ಓದಿದ್ರೆ ಯಾವ ಮಗು ತಾನೇ ಖುಷಿ ಅನ್ನುತ್ತೆ? ಮಕ್ಕಳು ಮುದುಡಿ ಹೋಗಲ್ವೇನೇ?”

“ಹೋಗ್ತಾರೆ, ಚಿಕ್ಕಮ್ಮ. ಇನ್ನೊಂದ್ಸಲ ಹೇಳಿ. ಸ್ವಲ್ಪ ಜೋರಾಗಿ.”

ಆಡಿದ ಮಾತು ಚಿಕ್ಕಮ್ಮನ ಕಿವಿಗೇ ಈಗ ತಲುಪಿತ್ತು. ಅವರ ಮುಖದ ಬಣ್ಣ ಇಳಿಯುವುದನ್ನು ಅವಳು ಕಣ್ತುಂಬ ನೋಡಿದಳು, ಅವಸರ ಮಾಡಲಿಲ್ಲ.

ಆಮೇಲೆ ಹಾಳೆಗಳನ್ನೆಲ್ಲ ಒಟ್ಟುಗೂಡಿಸಿ, ಅವರೆದುರಿಗೇ ಹರಿದಳು.

“ಇವು ಲೆಕ್ಕಕ್ಕಿಲ್ಲ, ತಪ್ಪು ನಂದು. ಹೊಸದು ಕೊಡ್ತೀನಿ. ನೀವು ಬಾಗಿಲು ಹಾಕ್ಕೊಂಡು ಹೋಗಿ.”

ಮತ್ತೆ ಮೊದಲಿನಿಂದ ಶುರುಮಾಡಿ, ಈ ಸಲ ಅದೇ ವಾಕ್ಯವನ್ನು ಅತ್ಯಂತ ಸಪ್ಪೆಯಾಗಿ ಓದಿದಳು. ಯಾರೂ ನಗಲಿಲ್ಲ. ಬೆಂಚುಗಳ ನಡುವೆ ನಿಧಾನವಾಗಿ ನಡೆಯುತ್ತ ಒಂದೊಂದು ಹಾಳೆಯ ಮೇಲೂ ಕಣ್ಣಾಡಿಸಿದಳು. ಅಳುಮುಖಗಳು ಎರಡೋ ಮೂರೋ ಕಡಿಮೆಯಾಗಿದ್ದವು, ಅಷ್ಟೆ. ಉಳಿದವನ್ನು ತುಂಬಿಸಿದ್ದು ಅವಳ ದನಿಯಲ್ಲ, ಚಿಕ್ಕಮ್ಮ ಇಲ್ಲಿ ದಿನವೂ ಓದುವ ಧಾಟಿ.

ಅವಳು ಮುಂದಿನ ವಾಕ್ಯಕ್ಕೆ ಹೋದಳು.