ಒರೆಸಣ್ಣನ ಮಗಳು ಇಟ್ಟ ಹನಿಗಳು

ಮಾರ್ಕೆಟ್ಟಿನಲ್ಲಿ ಟೊಮೆಟೊ ಮಾರುವವನಿಗೆ ಎಲ್ಲರೂ ಸೇರಿ ಇಟ್ಟ ಹೆಸರು ಒರೆಸಣ್ಣ. ಬೆಳಗ್ಗೆ ಕ್ರೇಟು ಇಳಿಸಿದವನೇ ಹೆಗಲ ಮೇಲಿನ ಟವೆಲ್ ತೆಗೆದು, ಮಗುವಿನ ಮುಖ ಒರೆಸಿದ ಹಾಗೆ ಒಂದೊಂದು ಹಣ್ಣನ್ನೂ ಒರೆಸಿ ಜೋಡಿಸುತ್ತಿದ್ದ. ಒದ್ದೆ ಹಣ್ಣು ಬೇಗ ಕೆಡುತ್ತದೆ ಎನ್ನುವುದು ಒಂದು ಕಾರಣ. ಕೈ ಕಟ್ಟಿ ಕೂತರೆ ಅವನಿಗೆ ಮೈ ಪರಚಿಕೊಳ್ಳುವಂತಾಗುತ್ತದೆ ಎನ್ನುವುದು ಇನ್ನೊಂದು.

ಆ ಮಾರ್ಕೆಟ್ಟಿನ ಹೆಬ್ಬಾಗಿಲಿಗೆ ಈಗ ದೊಡ್ಡ ಬೋರ್ಡು ಬರುವುದಿತ್ತು, ಅದರ ತುಂಬ ಟೊಮೆಟೊ ಚಿತ್ರ. ಮಾರ್ಕೆಟ್ ಸಮಿತಿಯ ಕಾರ್ಯದರ್ಶಿಗಳು ಯಾವುದೋ ಸ್ಟುಡಿಯೋಗೆ ಹೇಳಲು ಹೊರಟಾಗ ಒರೆಸಣ್ಣ ನಡುವೆ ಬಾಯಿ ಹಾಕಿದ್ದ.

"ಸ್ಟುಡಿಯೋ ಯಾಕೆ ಸಾರ್? ನನ್ನ ಮಗಳು ಫೋಟೋ ತೆಗೆಯೋದನ್ನೇ ಕಲಿತಿದಾಳೆ. ಹಣ್ಣು ನಂದು, ಫೋಟೋ ಅವಳದು!"

"ಆಯ್ತಪ್ಪ. ಶನಿವಾರ ಊಟದ ಹೊತ್ತಿಗೆ ಚಿತ್ರ ನನ್ನ ಮೇಜಿನ ಮೇಲಿರಬೇಕು. ಇಲ್ಲಾಂದ್ರೆ ಸ್ಟುಡಿಯೋದವರೇ."

ಅವತ್ತಿನಿಂದ ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಪಕ್ಕದ ಈರುಳ್ಳಿ ಅಕ್ಕ ಸುಮ್ಮನಿರುತ್ತಾಳೆಯೇ?

"ಅಲ್ಲಣ್ಣ, ಗುಂಡಿ ಒತ್ತಿದ್ರೆ ಫೋಟೋ ಬೀಳತ್ತೆ. ಅದಕ್ಕೆ ಇಷ್ಟೊಂದು ಮೀಸೆ ತಿರುವಬೇಕಾ?"

"ಹಣ್ಣು ಹಾಗಿದೆಯಲ್ಲಮ್ಮ!" ಎಂದ ಒರೆಸಣ್ಣ. ನಿಜ ಹೇಳಬೇಕೆಂದರೆ ಅವನ ಲೆಕ್ಕವೂ ಅಷ್ಟೇ ಆಗಿತ್ತು. ಗುಂಡಿ ಒತ್ತುವುದರಲ್ಲಿ ಏನಿದೆ? ಎಲ್ಲ ಹಣ್ಣಿನ ಮಹಿಮೆ.

ಶನಿವಾರ ಬೆಳಗ್ಗೆ, ತೊಟ್ಟು ಹಸಿರಾಗಿರುವ ಹಣ್ಣು ಇನ್ನಷ್ಟು ಬೇಕಾದೀತೆಂದು ಬುಟ್ಟಿ ಹಿಡಿದು ಅವನು ಮನೆಗೆ ಬಂದ. ಮಹಡಿಯ ಕೋಣೆಯಲ್ಲಿ ಊಟದ ಮೇಜು ಕಿಟಕಿಯ ಹತ್ತಿರ ಹೋಗಿತ್ತು. ಹಿಂದೆ ಕಪ್ಪು ಬಟ್ಟೆ, ಮುಂದೆ ಕಾಲೂರಿ ನಿಂತ ಕ್ಯಾಮೆರಾ. ಮಗಳು ಬ್ಯಾಟರಿ ತರಲು ಕೆಳಗಿಳಿದಿದ್ದಳು. ಮೇಜಿನ ಮೇಲೆ ಟೊಮೆಟೊಗಳು ಮೈತುಂಬ ಒದ್ದೆಯಾಗಿ ಕೂತಿದ್ದವು.

"ಅಯ್ಯಯ್ಯೋ, ತೊಳೆದು ಹಾಗೇ ಬಿಟ್ಟಿದಾಳೆ!"

ಕೈ ತಾನಾಗಿ ಹೆಗಲಿಗೆ ಹೋಯಿತು. ಮಗಳು ಮೇಲೆ ಬರುವಷ್ಟರಲ್ಲಿ ಒಂದು ಹಣ್ಣಿನ ಮೇಲೂ ತೇವವಿರಲಿಲ್ಲ.

"ನೋಡು ಪುಟ್ಟಿ, ಹೆಂಗೆ ಕನ್ನಡಿ ಮಾಡಿಟ್ಟಿದೀನಿ!"

ಪುಟ್ಟಿ ಬಾಗಿಲಲ್ಲೇ ನಿಂತಳು. ಹಣ್ಣು ನೋಡಿದಳು, ಟವೆಲ್ ನೋಡಿದಳು, ಆಮೇಲೆ ಕಿಟಕಿಯ ಕಡೆ ನೋಡಿದಳು. ಸೂರ್ಯ ಎದುರು ಮನೆಯ ನೀರಿನ ಟ್ಯಾಂಕಿನ ಹತ್ತಿರಕ್ಕೆ ಸರಿಯುತ್ತಿದ್ದ. ಅದರ ಹಿಂದೆ ಹೋದರೆ ಕೋಣೆಗೆ ಮತ್ತೆ ಆ ಬೆಳಕಿಲ್ಲ.

"ಅಪ್ಪಾ, ಅದು ಸುಮ್ಮನೆ ನೀರಲ್ಲ. ಹನಿ ಹರಡದೆ ನಿಲ್ಲಲಿ ಅಂತ ಗ್ಲಿಸರಿನ್ ಬೆರೆಸಿ, ಎದ್ದಾಗಿನಿಂದ ಒಂದೊಂದೇ ಹನಿ ಇಟ್ಟಿದ್ದೆ."

ಒರೆಸಣ್ಣ ಟವೆಲನ್ನು ಬೆನ್ನ ಹಿಂದೆ ಮರೆಮಾಡಿದ. ಊರಿಗೆಲ್ಲ ಹೇಳಿಕೊಂಡು ಬಂದವನು ತಾನು, ಕೆಡಿಸಿದವನೂ ತಾನೇ.

"ಈಗಲೇ ಚಿಮುಕಿಸಿಬಿಡ್ಲಾ?"

"ಚಿಮುಕಿಸೋದಲ್ಲಪ್ಪ, ಇಡೋದು. ಮೊದಲು ಆ ಟವೆಲ್ ಕೊಡು."

ಇಸಿದುಕೊಂಡವಳೇ ಅದನ್ನು ಮಡಚಿ ಸ್ಟೂಲಿನ ಮೇಲಿಟ್ಟು, ಅದರ ಮೇಲೆ ತಾನು ಕೂತಳು. ಅವನ ಕೈಗೆ ಬಿಳಿ ಥರ್ಮೋಕೋಲ್ ಹಲಗೆ ಕೊಟ್ಟಳು. "ಇದನ್ನ ಹೀಗೇ ಹಿಡ್ಕೋ. ಬೆಳಕು ಹಣ್ಣಿನ ಈ ಪಕ್ಕಕ್ಕೂ ಬೀಳಬೇಕು."

ಸೂಜಿಯಿಲ್ಲದ ಸಿರಿಂಜಿನಿಂದ ಅವಳು ಮತ್ತೆ ಶುರುಮಾಡಿದಳು. ತೊಟ್ಟಿನ ಹತ್ತಿರ ಸಾಸಿವೆಯಷ್ಟು ಹನಿಗಳು, ಇಳಿಜಾರಿನಲ್ಲಿ ತುಸು ದೊಡ್ಡವು. ಒಂದು ಜಾರುವ ಹಾಗೆ ಕಂಡರೆ ಹೀರಿಕೊಂಡು ಮತ್ತೆ ಇಡುವಳು. ಉಸಿರು ಬಿಟ್ಟರೆ ಎಲ್ಲಿ ಅಲುಗೀತೋ ಎಂದು ತುಟಿ ಬಿಗಿಹಿಡಿದಿದ್ದಳು. ಕೈ ಒಮ್ಮೆಯೂ ನಡುಗಲಿಲ್ಲ. ಈ ಕೈಯನ್ನು ತಾನು ಇಷ್ಟು ವರ್ಷ ನೋಡಿಯೇ ಇರಲಿಲ್ಲವಲ್ಲ ಎನಿಸಿತು ಒರೆಸಣ್ಣನಿಗೆ.

"ಪುಟ್ಟಿ, ಮೂಗು ತುರಿಸ್ತಿದೆ."

"ತುರಿಸ್ಲಿ. ಅಲ್ಲಾಡಬೇಡ."

ಟ್ಯಾಂಕಿನ ನೆರಳು ಮೇಜಿನ ಅಂಚಿಗೆ ಬಂತು. ಅಷ್ಟರಲ್ಲಿ ಎಲ್ಲ ಹನಿಗಳೂ ಒಟ್ಟಿಗೆ ಹೊತ್ತಿಕೊಂಡವು, ಕೆಂಪು ಮೈಯ ತುಂಬ ಸಣ್ಣ ಸಣ್ಣ ದೀಪ. ಕ್ಯಾಮೆರಾ ಸದ್ದು ಮಾಡಿತು, ಮತ್ತೆ ಮಾಡಿತು. ನೆರಳು ಹಣ್ಣಿನ ಮೇಲೆ ಹತ್ತಿತು.

"ಸಿಕ್ತು," ಎಂದಳು.

ಊಟದ ಹೊತ್ತಿಗೆ ಚಿತ್ರ ಕಾರ್ಯದರ್ಶಿಗಳ ಮೇಜಿನ ಮೇಲಿತ್ತು. ಅವರು ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದರು. ಒಂದು ಹನಿಯನ್ನು ಮುಟ್ಟಿದರು. ಆಮೇಲೆ ಬೆರಳು ಒದ್ದೆಯಾಯಿತೇನೋ ಎಂದು ಬೆರಳನ್ನೇ ನೋಡಿಕೊಂಡು, ತಮಗೆ ತಾವೇ ನಕ್ಕರು.

"ಇದನ್ನೇ ಹಾಕ್ಸೋಣ. ಕೆಳಗೆ ನಿಮ್ಮ ಮಗಳ ಹೆಸರೂ ಇರ್ಲಿ."

ಬೋರ್ಡು ಏರಿದ ದಿನ ಅರ್ಧ ಮಾರ್ಕೆಟ್ಟು ಹೆಬ್ಬಾಗಿಲಲ್ಲಿ ಕತ್ತೆತ್ತಿ ನಿಂತಿತ್ತು. ಈರುಳ್ಳಿ ಅಕ್ಕ ಸೊಂಟದ ಮೇಲೆ ಕೈಯಿಟ್ಟು, "ನಿನ್ನ ಹಣ್ಣು ಭಾರಿ ಚೆನ್ನಾಗಿ ಬಂದಿದೆ ಕಣಣ್ಣ," ಎಂದಳು.

"ಹಣ್ಣು ಬಿಡಮ್ಮ, ಯಾರ ಅಂಗಡೀಲಾದ್ರೂ ಸಿಗತ್ತೆ. ಹನಿ ನೋಡು, ಹನಿ! ಒಂದೊಂದನ್ನೂ ನನ್ನ ಮಗಳು ಕೈಯಾರೆ ಇಟ್ಟಿದ್ದು."

"ಮತ್ತೆ ನೀನೇನು ಮಾಡ್ದೆ?"

"ನಾನಾ?" ಒರೆಸಣ್ಣ ಎದೆಯುಬ್ಬಿಸಿದ. "ಅಲ್ಲಾಡದೆ ನಿಂತಿದ್ದೆ!"