ಮೊದಲ ಆಯ್ಕೆ

ಕಾಳಗಿಯ ಶಾಲಾ ಶಿಕ್ಷಕಿ ಬಸವೇಶ್ವರಿಗೆ ಶಹಾಬಾದಿಗೆ ವರ್ಗ ಬೇಕಾಗಿತ್ತು. ಲಕ್ವಾ ಹೊಡೆದ ತಾಯಿ ಅಲ್ಲಿದ್ದಳು. ಆನ್‌ಲೈನ್ ಅರ್ಜಿ ತುಂಬಿಕೊಡಲೆಂದು ಸಹೋದ್ಯೋಗಿ ಸಿದ್ಧಲಿಂಗನಿಗೆ ಪಾಸ್‌ವರ್ಡ್ ಹೇಳಿದಳು. ಅವನು ಅವಳೆದುರೇ ಶಹಾಬಾದನ್ನು ಮೊದಲ ಆಯ್ಕೆಯಾಗಿ ತುಂಬಿದ. ಆಮೇಲೆ ಪಾಸ್‌ವರ್ಡ್ ಬದಲಿಸಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ.

ವರ್ಗದ ಪಟ್ಟಿ ಬಂದಾಗ ಅವಳಿಗೆ ದೂರದ ಚಂದ್ರಂಪಳ್ಳಿ ಸಿಕ್ಕಿತ್ತು, ಸಿದ್ಧಲಿಂಗನಿಗೆ ಶಹಾಬಾದ. ಅರ್ಜಿಯ ಕೊನೆಯ ದಿನ ಯಾರೋ ಅವಳ ಆಯ್ಕೆಯನ್ನು ಬದಲಿಸಿದ್ದರು.

“ಸರ್, ನೀವೇ ಬದಲಿ ಮಾಡೀರೇನ್ರಿ?” ಎಂದು ಕೇಳಿದಳು.

“ನಿಮ್ಮ ಪಾಸ್‌ವರ್ಡಿನಿಂದ ಆಗ್ಯಾದಂದ್ರ ನೀವೇ ಮಾಡಿದಂಗ ಅಲ್ಲೇನ್ರಿ ಮೇಡಂ?” ಎಂದ, ಕಣ್ಣು ಕೂಡ ತಪ್ಪಿಸದೆ.

ದೂರು ಕೇಳಿದ ಅಧಿಕಾರಿಯೂ ಅದನ್ನೇ ಹೇಳಿದರು.

ಆ ಭಾನುವಾರ ಫೋನಿನಲ್ಲಿ ತಾಯಿ, “ಯಾವಾಗ ಬರ್ತೀಯವ್ವಾ?” ಎಂದು ತೊದಲಿದಳು.

“ಪಟ್ಟಿ ಇನ್ನೂ ಬಂದಿಲ್ಲಬೇ,” ಎಂದು ಬಸವೇಶ್ವರಿ ಸುಳ್ಳು ಹೇಳಿದಳು.